ಉಪ್ಪು ನೀರು ಬೇರೆ, ಗಡಸು ನೀರು ಬೇರೆ: ಅಕ್ವೇರಿಯಂ ಮೀನಿಗೆ ನೀರು ಹದ ಮಾಡುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಬೋರ್‌ವೆಲ್ ನೀರಿಗೆ ಉಪ್ಪು ನೀರು ಅನ್ನುತ್ತೇವೆ. ಅದರಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲ, ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಬಕೆಟ್ಟಿನ ಒಳಗೆ ಬಿಳಿ ಗೆರೆ ಕಟ್ಟುತ್ತದೆ. ಕಾವೇರಿ ನೀರು ಬಂದರೆ ಅದು ಸಿಹಿ ನೀರು. ಮನೆ ಮಾತಿಗೆ ಇಷ್ಟು ಸಾಕು. ಆದರೆ ಮೀನು ಸಾಕುವವರಿಗೆ ಈ ‘ಉಪ್ಪು ನೀರು’ ಅನ್ನೋ ಮಾತು ಬಹಳ ತೊಂದರೆ ಕೊಟ್ಟಿದೆ. ಬೋರ್ ನೀರಿನಲ್ಲಿ ಜಾಸ್ತಿ ಇರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇವು ಜಾಸ್ತಿ ಇದ್ದರೆ ಗಡಸು ನೀರು, ಕಮ್ಮಿ ಇದ್ದರೆ ಮೆದು ನೀರು. ಅಡುಗೆ ಮನೆಯ ಉಪ್ಪು ಸೋಡಿಯಂ ಕ್ಲೋರೈಡ್. ಮೀನಿನ ಮೈಯಲ್ಲಿ ಇವೆರಡೂ ಮಾಡುವ ಕೆಲಸ ಬೇರೆ ಬೇರೆ.

ಈ ಗೊಂದಲದಿಂದ ಎರಡು ತಪ್ಪು ಆಗುತ್ತವೆ. ಮೆದು ನೀರು ಇರುವವರು ಮೋಲಿ ಮೀನಿಗೆ ನೀರು ಗಡಸಾಗಲಿ ಅಂತ ಕಲ್ಲುಪ್ಪು ಹಾಕುತ್ತಾರೆ, ನೀರು ಉಪ್ಪಾಗುತ್ತದೆ, ಗಡಸಾಗುವುದಿಲ್ಲ. ಬೋರ್ ನೀರು ಇರುವವರು ‘ನಮ್ಮ ನೀರಲ್ಲೇ ಉಪ್ಪಿದೆಯಲ್ಲ’ ಅಂದುಕೊಂಡು, ನಿಜವಾಗಿ ಉಪ್ಪು ಬೇಕಾದ ಕಾಯಿಲೆ ಬಂದಾಗಲೂ ಹಾಕದೆ ಸುಮ್ನೆ ಇರುತ್ತಾರೆ. ಎರಡೂ ಕಡೆ ಸಾಯುವುದು ಮೀನೇ.

ನಾನು ಮೊದಲ ಗುಂಪಿನವನು. ಎರಡು ಅಡಿಯ ಟ್ಯಾಂಕ್ ತಂದ ದಿನ ಅಂಗಡಿಯವರು ವಾರಕ್ಕೊಂದು ಹಿಡಿ ಉಪ್ಪು ಹಾಕಿ, ಮೀನಿಗೆ ಒಳ್ಳೇದು ಅಂದರು. ಮೂರು ತಿಂಗಳು ತಪ್ಪದೆ ಹಾಕಿದೆ. ಗಪ್ಪಿಗಳು ಚೆನ್ನಾಗಿದ್ದವು. ತಳದಲ್ಲಿ ಓಡಾಡುವ ಕೋರಿಡೋರಾಸ್ ಆರು ಇದ್ದವು, ಒಂದೊಂದಾಗಿ ಮಂಕಾಗಿ, ಉಸಿರು ಜೋರಾಗಿ, ಕೊನೆಗೆ ಒಂದೂ ಉಳಿಯಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಹಿಡಿ ಅಂದರೆ 40 ಗ್ರಾಂ. ವಾರಕ್ಕೆ ತೆಗೆಯುತ್ತಿದ್ದ ನೀರು 20 ಪರ್ಸೆಂಟ್, ಅದರ ಜೊತೆ ಹೋಗುತ್ತಿದ್ದದ್ದೂ 20 ಪರ್ಸೆಂಟ್ ಉಪ್ಪು ಮಾತ್ರ. 48 ಲೀಟರ್ ನೀರಿನಲ್ಲಿ 12 ವಾರಕ್ಕೆ ಸುಮಾರು 186 ಗ್ರಾಂ ಕೂತಿತ್ತು. ಲೀಟರಿಗೆ ಹತ್ತಿರ ಹತ್ತಿರ 4 ಗ್ರಾಂ. ಕಾಯಿಲೆಗೆ ಕೊಡುವ ಡೋಸ್‌ಗಿಂತ ಜಾಸ್ತಿ ಉಪ್ಪಿನಲ್ಲಿ ಆ ಪಾಪದ ಮೀನುಗಳು ದಿನಾ ಬದುಕುತ್ತಿದ್ದವು. ಇದನ್ನು ಬರೆಯುತ್ತಿರುವುದು ಇನ್ನೊಬ್ಬರ ಟ್ಯಾಂಕಿನಲ್ಲಿ ಹೀಗಾಗದಿರಲಿ ಅಂತ.

ಹಂತ 1: ಪದಗಳನ್ನು ಬಿಡಿಸಿಕೊಳ್ಳಿ

ಜಿಎಚ್ ಅಂದರೆ ಒಟ್ಟು ಗಡಸುತನ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನುವ ಲೆಕ್ಕ. ಮೀನಿನ ಮೂಳೆ, ಸ್ನಾಯು, ಮೊಟ್ಟೆ, ಕಿವಿರಿನ ಕೆಲಸ ಎಲ್ಲದಕ್ಕೂ ಇದು ಬೇಕು. ಬಸವನಹುಳುವಿನ ಚಿಪ್ಪಿಗಂತೂ ಬೇಕೇ ಬೇಕು.

ಕೆಎಚ್ ಅಂದರೆ ಕಾರ್ಬನೇಟ್ ಗಡಸುತನ. ಹೆಸರಿನಲ್ಲಿ ಗಡಸುತನ ಇದ್ದರೂ ಇದು ಅಳೆಯುವುದು ಬೈಕಾರ್ಬನೇಟನ್ನು. ಇದರ ಕೆಲಸ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಅಲುಗಾಡದ ಹಾಗೆ ಹಿಡಿದಿಡುವುದು. ಫಿಲ್ಟರಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ಮೀನಿನ ಕೊಳೆಯನ್ನು ನೈಟ್ರೇಟ್ ಮಾಡುವಾಗ ಈ ಕೆಎಚ್ ಅನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ನೀರು ಬದಲಿಸದೆ ತಿಂಗಳುಗಟ್ಟಲೆ ಬಿಟ್ಟ ಟ್ಯಾಂಕಿನಲ್ಲಿ ಕೆಎಚ್ ಸೊನ್ನೆಗೆ ಬಂದು, ಒಂದು ರಾತ್ರಿ ಪಿಎಚ್ ದಢಕ್ಕನೆ ಕುಸಿಯುವುದು ಇದೇ ಕಾರಣಕ್ಕೆ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಮೊತ್ತ. ಕ್ಯಾಲ್ಸಿಯಂ, ಸೋಡಿಯಂ, ನೈಟ್ರೇಟ್ ಎಲ್ಲ ಸೇರಿ ಒಂದು ನಂಬರ್, ಟಿಡಿಎಸ್ ಮೀಟರ್ ಅದ್ದಿದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ. ಟಿಡಿಎಸ್ 500 ಅಂದ ಮಾತ್ರಕ್ಕೆ ನೀರು ಗಡಸು ಅಂತ ಹೇಳಲಾಗುವುದಿಲ್ಲ.

ಅಡುಗೆ ಉಪ್ಪು ಕರಗಿಸಿದರೆ ಟಿಡಿಎಸ್ ಮಾತ್ರ ಏರುತ್ತದೆ. ಜಿಎಚ್ ಇದ್ದಲ್ಲೇ ಇರುತ್ತದೆ, ಕೆಎಚ್ ಕೂಡ ಇದ್ದಲ್ಲೇ. ಈ ಒಂದು ವಾಕ್ಯ ನೆನಪಿದ್ದರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದು ಗಮನಿಸಬೇಕು. ಕೆಳಗೆ ವಾಟರ್ ಸಾಫ್ಟ್‌ನರ್ ಹಾಕಿರುತ್ತಾರೆ, ಅದಕ್ಕೆ ಚೀಲಗಟ್ಟಲೆ ಉಪ್ಪು ಸುರಿಯುವುದನ್ನು ನೀವೂ ನೋಡಿರುತ್ತೀರಿ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಟಿಡಿಎಸ್ ಇಳಿದಿರುವುದಿಲ್ಲ. ಮೋಲಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿಲ್ಲ, ಡಿಸ್ಕಸ್‌ಗೆ ಬೇಕಾದ ಹಗುರ ನೀರೂ ಅದಲ್ಲ. ಆದಷ್ಟು ಸಾಫ್ಟ್‌ನರ್‌ಗೆ ಹೋಗುವ ಮೊದಲಿನ ನೀರು ಹಿಡಿದುಕೊಳ್ಳಿ.

ಹಂತ 2: ನಿಮ್ಮ ನೀರನ್ನು ಅಳೆಯಿರಿ

ಮೀನು ತರುವ ಮೊದಲು ಈ ಕೆಲಸ ಆಗಬೇಕು. ಪಕ್ಕದ ಮನೆಯವರ ನಂಬರ್ ನಿಮಗೆ ಬರುವುದಿಲ್ಲ, ಅವರ ಬೋರ್ ಬೇರೆ.

ಒಂದು ಅಂದಾಜಿಗೆ ಸೋಪಿನ ಪರೀಕ್ಷೆ ಮಾಡಬಹುದು. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆ ನೀರು ಅಥವಾ ಆರ್‌ಓ ನೀರು, ಇನ್ನೊಂದರಲ್ಲಿ ನಿಮ್ಮ ನಲ್ಲಿ ನೀರು, ಎರಡೂ ಅರ್ಧ ಬಾಟಲಿ. ಬಾರ್ ಸೋಪನ್ನು ತುರಿದು ಬಿಸಿ ನೀರಲ್ಲಿ ಕರಗಿಸಿ, ಆ ದ್ರವವನ್ನು ಎರಡಕ್ಕೂ ಐದೈದು ಹನಿ ಹಾಕಿ ಕುಲುಕಿ. ಮೆದು ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ಗಡಸು ನೀರಿನಲ್ಲಿ ಮೊಸರು ಒಡೆದ ಹಾಗೆ ಬಿಳಿ ಚೂರು ತೇಲುತ್ತದೆ. ಶಾಂಪೂ, ಡಿಟರ್ಜೆಂಟ್ ಬಳಸಬೇಡಿ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ.

ಸರಿಯಾದ ಲೆಕ್ಕಕ್ಕೆ ಹನಿ ಹಾಕುವ ಜಿಎಚ್, ಕೆಎಚ್ ಕಿಟ್ ಬೇಕು. ಅದ್ದಿ ನೋಡುವ ಪಟ್ಟಿಗಳನ್ನು ನಾನು ನಂಬುವುದಿಲ್ಲ, ಅವುಗಳ ಬಣ್ಣ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ. ಹನಿ ಕಿಟ್‌ನಲ್ಲಿ 5 ಎಂಎಲ್ ನೀರು ಹಾಕಿದ ಗಾಜಿನ ಕೊಳವೆಗೆ ಒಂದೊಂದೇ ಹನಿ ಬಿಟ್ಟು, ಮುಚ್ಚಿ, ತಲೆಕೆಳಗೆ ಮಾಡಿ ಕಲಸುತ್ತಾ ಎಣಿಸಬೇಕು. ನನ್ನ ಕಿಟ್‌ನಲ್ಲಿ ಜಿಎಚ್‌ಗೆ ಮೊದಲ ಹನಿ ಬಿದ್ದಾಗ ಕಿತ್ತಳೆ ಬಣ್ಣ ಬರುತ್ತದೆ. ಎಷ್ಟೋ ಹನಿಯ ತನಕ ಅದು ಕಿತ್ತಳೆಯೇ. ಕೊನೆ ಹತ್ತಿರ ಬಂದಾಗ ಒಂದು ಹನಿಗೆ ಬಣ್ಣ ಮಬ್ಬಾಗುತ್ತದೆ, ಮುಂದಿನ ಹನಿಗೆ ಪೂರ್ತಿ ಹಸಿರು. ಅಲ್ಲಿಗೆ ನಿಲ್ಲಿಸಿ. ಎಷ್ಟು ಹನಿ ಆಯಿತೋ ಅಷ್ಟು ಡಿಗ್ರಿ ಗಡಸುತನ. ಬಿಳಿ ಹಾಳೆಯನ್ನು ಹಿಂದೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ನೀರು ತೀರಾ ಮೆದುವಾಗಿದ್ದರೆ 10 ಎಂಎಲ್ ತೆಗೆದುಕೊಳ್ಳಿ, ಆಗ ಒಂದು ಹನಿಗೆ ಅರ್ಧ ಡಿಗ್ರಿ.

ಬೆಂಗಳೂರಿನ ನಮ್ಮ ಮನೆಯಲ್ಲಿ ಬೋರ್ ನೀರಿಗೆ ಜಿಎಚ್ 23, ಕೆಎಚ್ 17, ಟಿಡಿಎಸ್ 640 ಬಂತು. ಅದೇ ಮನೆಯ ಕಾವೇರಿ ನಲ್ಲಿಯಲ್ಲಿ ಜಿಎಚ್ 7. ಒಂದೇ ಗೋಡೆಯ ಎರಡು ನಲ್ಲಿಗೆ ಇಷ್ಟು ಅಂತರ.

ಬೋರ್ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದ್ದರೆ ಆ ವರದಿಯೂ ಸಾಕು. ಅದರಲ್ಲಿ ಒಟ್ಟು ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಅಂತ ಬರೆದಿರುತ್ತಾರೆ. ಅದನ್ನು 17.9ರಿಂದ ಭಾಗಿಸಿದರೆ ಜಿಎಚ್ ಡಿಗ್ರಿ ಸಿಗುತ್ತದೆ. ಒಟ್ಟು ಕ್ಷಾರೀಯತೆ ಅಂತ ಇರುವುದನ್ನು ಹಾಗೇ ಭಾಗಿಸಿದರೆ ಕೆಎಚ್. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಗಡಸುತನ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 600ರ ತನಕ ಒಪ್ಪುತ್ತಾರೆ. ಅಂದರೆ 11 ಡಿಗ್ರಿಯಿಂದ 33 ಡಿಗ್ರಿ. ಮನುಷ್ಯರು ಕುಡಿಯಬಹುದು ಅಂದ ನೀರಿನಲ್ಲೇ ಮೀನಿನ ಪಾಲಿಗೆ ಎರಡು ಬೇರೆ ಪ್ರಪಂಚ ಇದೆ.

ಇನ್ನೊಂದು ಮಾತು. ಬೋರ್ ನೀರನ್ನು ಎತ್ತಿದ ಕೂಡಲೇ ಪಿಎಚ್ ನೋಡಬೇಡಿ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಕಮ್ಮಿ ತೋರಿಸುತ್ತದೆ. ಬಕೆಟ್ಟಿಗೆ ಏರ್ ಪಂಪಿನ ಕಲ್ಲು ಹಾಕಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ನೋಡಿ.

ಹಂತ 3: ನೀರು ನೋಡಿ ಮೀನು ಆರಿಸಿ

ಈ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ನಲ್ಲಿಯಲ್ಲಿ ಬರುವ ನೀರಿಗೆ ಒಗ್ಗುವ ಮೀನು ತನ್ನಿ. ಮೀನು ತಂದು ಆಮೇಲೆ ನೀರು ಬದಲಿಸಲು ಹೊರಟರೆ ಅದು ವಾರವಾರದ ದುಡಿಮೆ, ಒಂದು ವಾರ ತಪ್ಪಿದರೂ ಮೀನಿಗೆ ಏಟು.

ಜಿಎಚ್ 12ಕ್ಕಿಂತ ಜಾಸ್ತಿ ಇದೆಯಾ? ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಹೊರವಲಯದ ಆಳದ ಬೋರ್‌ಗಳಲ್ಲಿ ಇದು ಮಾಮೂಲು. ಬೇಜಾರು ಮಾಡಿಕೊಳ್ಳಬೇಡಿ, ಮರಿ ಹಾಕುವ ಮೀನುಗಳಿಗೆ ಇದು ಚಿನ್ನದಂಥ ನೀರು. ಮೋಲಿ, ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇದರಲ್ಲಿ ಮೈದುಂಬಿ ಬೆಳೆಯುತ್ತವೆ. ಗೋಲ್ಡ್‌ಫಿಶ್‌ಗೂ ಆಗುತ್ತದೆ. ಆಫ್ರಿಕಾದ ಮಲಾವಿ, ಟ್ಯಾಂಗನಿಕಾ ಸರೋವರದ ಸಿಕ್ಲಿಡ್‌ಗಳಿಗೂ ಹೊಂದುತ್ತದೆ. ಅವುಗಳಿಗೆ ಬೇಕಾದ್ದು ಕೆಎಚ್ ಮತ್ತು 8ರ ಆಸುಪಾಸಿನ ಪಿಎಚ್. ಟ್ಯಾಂಗನಿಕಾದ್ದು 9ರ ಹತ್ತಿರ ಹೋದರೂ ಸರಿ. ಈ ಸಿಕ್ಲಿಡ್‌ಗಳಿಗೆ ಅಡುಗೆ ಉಪ್ಪು ಹಾಕಬೇಕು ಅಂತ ಬಹಳ ಜನ ನಂಬಿದ್ದಾರೆ. ಆ ಸರೋವರಗಳು ಸಿಹಿನೀರಿನವು, ಸಮುದ್ರದ ಥರ ಉಪ್ಪಿನವಲ್ಲ. ಅಲ್ಲಿ ಪಿಎಚ್ ಏರಿಸಿರುವುದು ಬೈಕಾರ್ಬನೇಟ್.

ಜಿಎಚ್ 5ರಿಂದ 12ರ ಒಳಗಿದ್ದರೆ ನೀವು ಪುಣ್ಯವಂತರು. ಏಂಜೆಲ್, ಫೈಟರ್, ಗೌರಾಮಿ, ಜೀಬ್ರಾ ಡೇನಿಯೋ, ಬಾರ್ಬ್, ಕೋರಿಡೋರಾಸ್, ಸಾಕಣೆಯಲ್ಲಿ ಹುಟ್ಟಿದ ನಿಯಾನ್ ಟೆಟ್ರಾ ಎಲ್ಲಕ್ಕೂ ಜಾಗ ಇದೆ.

ಜಿಎಚ್ 4ಕ್ಕಿಂತ ಕಮ್ಮಿ ಅಂದರೆ ಮಂಗಳೂರು, ಉಡುಪಿ, ಮಲೆನಾಡಿನ ಮುರಕಲ್ಲು ನೆಲದ ಬಾವಿಗಳು. ಆ ನೀರು ಅಮೆಜಾನ್ ಕಡೆಯ ಮೀನಿಗೆ ಹೇಳಿ ಮಾಡಿಸಿದ್ದು. ಕಾರ್ಡಿನಲ್ ಟೆಟ್ರಾ, ಡಿಸ್ಕಸ್, ರಾಮ್ ಸಿಕ್ಲಿಡ್ ಸಾಕಬಹುದು. ನಮ್ಮದೇ ಪಶ್ಚಿಮ ಘಟ್ಟದ ಮಿಸ್ ಕೇರಳ ಬಾರ್ಬ್ ಕೂಡ ಇಂಥ ಹರಿಯುವ ಮೆದು ನೀರಿನದು. ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ತರುವಾಗ ಸಾಕಣೆಯಲ್ಲಿ ಹುಟ್ಟಿದ್ದೇ ಅಂತ ಕೇಳಿ ತನ್ನಿ. ಈ ನೀರಿನಲ್ಲಿ ಮೋಲಿ ಬಿಟ್ಟರೆ ಏನಾಗುತ್ತದೆ ಗೊತ್ತಾ? ರೆಕ್ಕೆ ಮುದುರಿಕೊಂಡು, ನಿಂತಲ್ಲೇ ನಿಂತು ಮೈಯನ್ನು ಅತ್ತಿತ್ತ ಅಲ್ಲಾಡಿಸುತ್ತದೆ, ಚಳಿ ಹಿಡಿದವರ ಹಾಗೆ. ಮುಂದೆ ಹೋಗುವುದಿಲ್ಲ. ಇದನ್ನು ಕಾಯಿಲೆ ಅಂತ ಔಷಧಿ ಸುರಿಯುತ್ತಾರೆ. ಎಷ್ಟೋ ಸಲ ಅದು ಖನಿಜ ಸಾಲದ ನೀರು, ಅಷ್ಟೇ.

ಅಂಗಡಿಗೆ ಬರುವ ಬಹುತೇಕ ಮೀನು ಕಾಡಿನ ಹೊಳೆಯವಲ್ಲ, ಸಾಕಣೆ ಕೇಂದ್ರದವು. ಚೆನ್ನೈನ ಕೊಳತ್ತೂರು ಕಡೆ ಬೆಳೆದ ಏಂಜೆಲ್‌ಗೆ ಅಲ್ಲಿನ ನೀರೇ ಅಭ್ಯಾಸ. ಹಾಗಾಗಿ ಪುಸ್ತಕದ ನಂಬರಿಗಿಂತ ನಾಲ್ಕೈದು ಡಿಗ್ರಿ ಆಚೀಚೆ ಆದರೆ ಸುಮ್ಮನಿರಿ. ದಿನದಿನಕ್ಕೆ ಬದಲಾಗುವ ಸರಿಯಾದ ನೀರಿಗಿಂತ, ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಸ್ಥಿರವಾಗಿರುವ ನೀರು ಮೇಲು. ಮರಿ ಮಾಡಿಸುವ ಆಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ಡಿಸ್ಕಸ್, ನಿಯಾನ್ ಗಡಸು ನೀರಿನಲ್ಲಿ ಬದುಕಬಹುದು, ಆದರೆ ಅವುಗಳ ಮೊಟ್ಟೆಯಿಂದ ಮರಿ ಬರುವುದು ಕಷ್ಟ.

ಹಂತ 4: ಗಡಸು ನೀರನ್ನು ಮೆದು ಮಾಡುವುದು

ನಂಬಬಹುದಾದ ದಾರಿ ಒಂದೇ, ಖನಿಜ ಇಲ್ಲದ ನೀರು ಬೆರೆಸುವುದು. ಆರ್‌ಓ ನೀರು ಅಥವಾ ಮಳೆ ನೀರು. ನಮ್ಮ ಬೋರ್ ಜಿಎಚ್ 23, ಏಂಜೆಲ್‌ಗೆ ನನಗೆ ಬೇಕಾದ್ದು 8. ಎಂಟನ್ನು 23ರಿಂದ ಭಾಗಿಸಿದರೆ 0.35. ಹಾಗಾದರೆ 20 ಲೀಟರ್ ಬಕೆಟ್ಟಿಗೆ 7 ಲೀಟರ್ ಬೋರ್ ನೀರು, 13 ಲೀಟರ್ ಆರ್‌ಓ ನೀರು. ಕೆಎಚ್ ಕೂಡ ಅದೇ ಲೆಕ್ಕದಲ್ಲಿ 17ರಿಂದ 6ಕ್ಕೆ ಇಳಿಯುತ್ತದೆ. ಬೆರೆಸಿದ ಮೇಲೆ ಒಮ್ಮೆ ಹನಿ ಹಾಕಿ ನೋಡಿ, ಯಾಕಂದರೆ ಮನೆಯ ಎಷ್ಟೋ ಆರ್‌ಓ ಮಿಷನ್‌ಗಳು ರುಚಿಗೆ ಅಂತ ಸ್ವಲ್ಪ ಹಸಿ ನೀರು ಬೆರೆಸಿಯೇ ಕೊಡುತ್ತವೆ. ಆರ್‌ಓ ಹೊರಗೆ ಬಿಡುವ ವೇಸ್ಟ್ ನೀರು ಮೊದಲಿಗಿಂತ ಗಡಸು, ಅದನ್ನು ಟ್ಯಾಂಕಿಗೆ ಹಾಕಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ.

ಮಳೆ ನೀರು ಹಿಡಿಯುವವರು ಮೊದಲೆರಡು ಮಳೆಯ ನೀರು ಬಿಟ್ಟುಬಿಡಿ, ತಾರಸಿಯ ದೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಹೋಗಲಿ. ಹಿಡಿದದ್ದನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ. ಬರೀ ಮಳೆ ನೀರು ಅಥವಾ ಬರೀ ಆರ್‌ಓ ನೀರಿನಲ್ಲಿ ಮೀನು ಬಿಡಬೇಡಿ. ಕೆಎಚ್ ಸೊನ್ನೆ ಇರುವ ನೀರಿಗೆ ಪಿಎಚ್ ಹಿಡಿಯುವ ಶಕ್ತಿ ಇಲ್ಲ.

ಕುದಿಸಿದರೆ ಗಡಸುತನದ ಒಂದು ಭಾಗ ಬಿಳಿ ಪುಡಿಯಾಗಿ ತಳ ಸೇರುತ್ತದೆ, ಆದರೆ 20 ಲೀಟರ್ ಕುದಿಸುವ ಗ್ಯಾಸ್ ಯಾರಿಗೆ ಪೂರೈಸುತ್ತದೆ. ಬಾದಾಮಿ ಮರದ ಒಣ ಎಲೆ, ಡ್ರಿಫ್ಟ್‌ವುಡ್ ಒಳ್ಳೆಯವೇ, ನೀರಿಗೆ ಚಹಾದ ಬಣ್ಣ ಕೊಡುತ್ತವೆ, ಫೈಟರ್ ಮೀನಿಗೆ ಹಿತ. ಆದರೆ ಕೆಎಚ್ 17 ಇರುವ ನೀರಿನಲ್ಲಿ ಹತ್ತು ಎಲೆ ಹಾಕಿದರೂ ಪಿಎಚ್ ಜಗ್ಗುವುದಿಲ್ಲ. ನಿಂಬೆರಸ, ವಿನೆಗರ್, ಪಿಎಚ್ ಇಳಿಸುವ ಬಾಟಲಿ ಇವುಗಳ ಸಹವಾಸ ಬೇಡ. ಮೊದಲ ದಿನ ಪಿಎಚ್ ಇಳಿಯುತ್ತದೆ, ಮರುದಿನ ಕೆಎಚ್ ಅದನ್ನು ಮೇಲೆ ಎಳೆಯುತ್ತದೆ, ಮಧ್ಯೆ ಸಿಕ್ಕ ಮೀನು ಸೊರಗುತ್ತದೆ.

ಟ್ಯಾಂಕಿನೊಳಗೆ ಇಟ್ಟ ಕಲ್ಲನ್ನೂ ನೋಡಿ. ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಮನೆ ಕಟ್ಟಿದಾಗ ಉಳಿದ ಚೂರನ್ನು ಅಂದಕ್ಕೆ ಅಂತ ಇಟ್ಟಿದ್ದರೆ ಅದು ನಿಧಾನವಾಗಿ ಕರಗಿ ಗಡಸುತನ ಏರಿಸುತ್ತಲೇ ಇರುತ್ತದೆ. ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅದು ಮೆದು ನೀರಿನ ಟ್ಯಾಂಕಿಗಲ್ಲ. ಗುಳ್ಳೆ ಏಳದಿದ್ದರೂ ಕಲ್ಲನ್ನು ಒಂದು ವಾರ ಬಕೆಟ್ಟಿನ ನೀರಲ್ಲಿಟ್ಟು ಟಿಡಿಎಸ್ ಏರಿದೆಯಾ ನೋಡುವುದು ಇನ್ನೂ ಒಳ್ಳೆಯದು.

ಹಂತ 5: ಮೆದು ನೀರನ್ನು ಗಡಸು ಮಾಡುವುದು

ಕರಾವಳಿಯ ಬಾವಿ ನೀರಿನಲ್ಲಿ ಗಪ್ಪಿ, ಮೋಲಿ ಸಾಕುವವರಿಗೆ ಎಲ್ಲಕ್ಕಿಂತ ಸುಲಭದ ದಾರಿ ಸಮುದ್ರ ದಡದ ಚಿಪ್ಪು. ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಚೂರು ಮಾಡಿ, ಹಳೇ ಸಾಕ್ಸ್ ಅಥವಾ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿಡಿ. 50 ಲೀಟರಿಗೆ ಒಂದು ಹಿಡಿ ಚೂರಿನಿಂದ ಶುರು ಮಾಡಿ, ವಾರಕ್ಕೊಮ್ಮೆ ಅಳೆಯಿರಿ. ಹುಳಿ ನೀರಿನಲ್ಲಿ ಬೇಗ ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ತಾನೇ ನಿಧಾನವಾಗುತ್ತದೆ. ಜಿಎಚ್, ಕೆಎಚ್ ಎರಡನ್ನೂ ಒಟ್ಟಿಗೆ ಏರಿಸುತ್ತದೆ.

ಕರಾರುವಾಕ್ಕಾಗಿ ಬೇಕು ಅನ್ನುವವರಿಗೆ ತೂಕದ ಲೆಕ್ಕ. 100 ಲೀಟರ್ ನೀರಿಗೆ ಜಿಎಚ್ ಒಂದು ಡಿಗ್ರಿ ಏರಿಸಲು ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) 4.4 ಗ್ರಾಂ, ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2.6 ಗ್ರಾಂ. ಕೆಎಚ್ ಒಂದು ಡಿಗ್ರಿ ಏರಿಸಲು ಅಡುಗೆ ಸೋಡಾ 3 ಗ್ರಾಂ. ಬೇಕಿಂಗ್ ಪೌಡರ್ ಅಲ್ಲ, ಸೋಡಾ ಮಾತ್ರ. ಕ್ಯಾಲ್ಸಿಯಂ ಮೂರು ಪಾಲು, ಮೆಗ್ನೀಸಿಯಂ ಒಂದು ಪಾಲು ಇರಲಿ. ಜಿಎಚ್ 2 ಇರುವ 100 ಲೀಟರನ್ನು 10ಕ್ಕೆ ತರಬೇಕಾದರೆ ಕ್ಯಾಲ್ಸಿಯಂ ಕ್ಲೋರೈಡ್ 16 ಗ್ರಾಂ, ಎಪ್ಸಂ 9 ಗ್ರಾಂ, ಕೆಎಚ್ ಐದು ಡಿಗ್ರಿ ಏರಿಸಲು ಸೋಡಾ 15 ಗ್ರಾಂ. ಇವನ್ನು ಬೇರೆ ಬೇರೆ ಲೋಟದಲ್ಲಿ ಕರಗಿಸಿ. ಒಂದೇ ಲೋಟದಲ್ಲಿ ಗಟ್ಟಿಯಾಗಿ ಕಲಸಿದರೆ ಸುಣ್ಣ ಕಟ್ಟಿ ತಳಕ್ಕೆ ಕೂರುತ್ತದೆ. ಮೀನಿರುವ ಟ್ಯಾಂಕಿಗೆ ಒಂದೇ ಸಲ ಹಾಕಬೇಡಿ, ದಿನಕ್ಕೆ ಒಂದೆರಡು ಡಿಗ್ರಿ ಸಾಕು.

ಇದಕ್ಕಿಂತ ಮುಖ್ಯ ಎಚ್ಚರಿಕೆ. ಕೆಎಚ್ ಕುಸಿದ ಹಳೇ ಟ್ಯಾಂಕಿನಲ್ಲಿ ಅಮೋನಿಯಾ ಸೇರಿಕೊಂಡಿರಬಹುದು. ಪಿಎಚ್ ಕಮ್ಮಿ ಇದ್ದಾಗ ಅದು ಬಹುತೇಕ ವಿಷವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ನೀವು ಸೋಡಾ ಹಾಕಿ ಪಿಎಚ್ ಏರಿಸಿದ ಕೂಡಲೇ ಅದೇ ವಿಷವಾಗುತ್ತದೆ. ಅಲ್ಲಿ ಮೊದಲು ಅಮೋನಿಯಾ ಅಳೆಯಿರಿ, ಸಣ್ಣ ಸಣ್ಣ ನೀರು ಬದಲಾವಣೆ ಮಾಡುತ್ತಾ ಬನ್ನಿ. ಎಲೆ ಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಟ್ಯಾಂಕಿನ ಹತ್ತಿರವೂ ತರಬೇಡಿ. ಚಿಟಿಕೆ ಸುಣ್ಣವೂ ಪಿಎಚ್ ಅನ್ನು ಒಮ್ಮೆಲೇ ಮೇಲಕ್ಕೆ ತಳ್ಳುತ್ತದೆ.

ಹಂತ 6: ಉಪ್ಪು ಯಾವಾಗ, ಯಾಕೆ

ಸಿಹಿನೀರಿನ ಮೀನಿನ ರಕ್ತದಲ್ಲಿ ಲೀಟರಿಗೆ ಸುಮಾರು 8-9 ಗ್ರಾಂ ಉಪ್ಪಿಗೆ ಸಮನಾದ ಲವಣ ಇದೆ. ಸುತ್ತಲಿನ ನೀರಿನಲ್ಲಿ ಸಾಮಾನ್ಯವಾಗಿ ಒಂದು ಗ್ರಾಮೂ ಇರುವುದಿಲ್ಲ. ಹಾಗಾಗಿ ನೀರು ಕಿವಿರಿನ ಮೂಲಕ ಹಗಲೂ ರಾತ್ರಿ ಒಳಗೆ ನುಗ್ಗುತ್ತಿರುತ್ತದೆ, ಲವಣ ಹೊರಗೆ ಸೋರುತ್ತಿರುತ್ತದೆ. ಮೀನು ತೆಳ್ಳಗಿನ ಮೂತ್ರವನ್ನು ಬಿಡದೆ ಹೊರಹಾಕುತ್ತಾ, ಕಿವಿರಿನ ವಿಶೇಷ ಕೋಶಗಳಿಂದ ಸೋಡಿಯಂ, ಕ್ಲೋರೈಡನ್ನು ಹೆಕ್ಕಿ ಒಳಗೆಳೆಯುತ್ತಾ ಸಮ ಮಾಡಿಕೊಳ್ಳುತ್ತದೆ. ಈ ದುಡಿಮೆಗೆ ಶಕ್ತಿ ಬೇಕು. ಆರೋಗ್ಯವಾಗಿರುವ ಮೀನಿಗೆ ಅದು ಹೊರೆಯಲ್ಲ, ಹುಟ್ಟಿನಿಂದ ಮಾಡುತ್ತಾ ಬಂದಿದೆ. ಮೈಗೆ ಗಾಯವಾದಾಗ, ಕಿವಿರು ಕೆಟ್ಟಾಗ, ದೂರದ ಪ್ರಯಾಣ ಮುಗಿಸಿ ಬಂದಾಗ ಕಷ್ಟವಾಗುತ್ತದೆ. ಆಗ ನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಸೇರಿಸಿದರೆ ಒಳಗೂ ಹೊರಗೂ ಇರುವ ಅಂತರ ಕಮ್ಮಿಯಾಗಿ ಮೀನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಮೈ ಮೇಲಿನ ಕೆಲವು ಏಕಕೋಶ ಪರೋಪಜೀವಿಗಳು ಆ ಉಪ್ಪನ್ನು ತಾಳಲಾರವು.

ಆದ್ದರಿಂದ ಉಪ್ಪು ಔಷಧಿ, ದಿನದ ಊಟವಲ್ಲ. ಹಾಕಬೇಕಾದ ಸಂದರ್ಭ ನನ್ನ ಲೆಕ್ಕದಲ್ಲಿ ಮೂರು: ಬಿಳಿ ಚುಕ್ಕಿ ರೋಗ (ಪರೋಪಜೀವಿಯಿಂದ ಮೈ ಮೇಲೆ ಏಳುವ ಚುಕ್ಕಿ), ನೈಟ್ರೈಟ್ (ಮೀನಿನ ಕೊಳೆ ನೈಟ್ರೇಟ್ ಆಗುವ ಮೊದಲಿನ ವಿಷದ ಹಂತ) ಏರಿದಾಗ, ಮತ್ತು ಗಾಯ ಅಥವಾ ಪ್ರಯಾಣದ ಸುಸ್ತು. ಮೂರನೆಯದಕ್ಕೆ ಲೀಟರಿಗೆ 1 ಗ್ರಾಂ, ನಾಲ್ಕೈದು ದಿನ ಸಾಕು.

ನೈಟ್ರೈಟ್‌ಗೆ ಇನ್ನೂ ಕಮ್ಮಿ ಸಾಕು. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಏರಿದಾಗ ಅದು ಕ್ಲೋರೈಡ್ ಹೋಗುವ ಬಾಗಿಲಿನಿಂದಲೇ ಮೀನಿನ ಒಳಗೆ ಹೋಗುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದು. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. 10 ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಆ ಬಾಗಿಲಲ್ಲಿ ಕ್ಲೋರೈಡ್ ತುಂಬಿ ನೈಟ್ರೈಟ್‌ಗೆ ದಾರಿ ಸಿಗುವುದಿಲ್ಲ. ಇಷ್ಟು ಕಮ್ಮಿ ಉಪ್ಪನ್ನು ಕೋರಿ (ಕೋರಿಡೋರಾಸ್), ಟೆಟ್ರಾ, ಗಿಡ ಎಲ್ಲವೂ ತಾಳುತ್ತವೆ. ಜೊತೆಗೆ ನೀರು ಬದಲಿಸುವುದು ತಪ್ಪಬಾರದು.

ಯಾವ ಉಪ್ಪು? ಸಾದಾ ಕಲ್ಲುಪ್ಪು. ಅಯೋಡಿನ್ ಇದ್ದರೆ ಮೀನು ಸಾಯುತ್ತದೆ ಅನ್ನುವ ಮಾತು ಬಹಳ ಹಬ್ಬಿದೆ. ಅಂಗಡಿ ಉಪ್ಪಿನಲ್ಲಿ ಅಯೋಡಿನ್ ಇರುವುದು ಕಿಲೋಗೆ ಸುಮಾರು 15ರಿಂದ 30 ಮಿಲಿಗ್ರಾಂ, ಈ ಡೋಸ್‌ಗೆ ಅದು ಲೆಕ್ಕಕ್ಕಿಲ್ಲ. ಬೇರೇನೂ ಸಿಗದಿದ್ದರೆ ಪುಡಿ ಉಪ್ಪನ್ನೇ ತೂಗಿ ಹಾಕಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ನಿಮ್ಮ ಮನೆಯಲ್ಲಿದ್ದರೆ ಅದೂ ಆಗುತ್ತದೆ, ಕರಗಿಸಿ ಒಂದು ಗಂಟೆ ಬಿಟ್ಟು, ತಳದಲ್ಲಿ ಕೂತ ಮಣ್ಣು ಬಿಟ್ಟು ಮೇಲಿನ ತಿಳಿ ಹಾಕಿ. ಮಸಾಲೆಯ ಕಪ್ಪುಪ್ಪು ಬೇಡ. ಎಪ್ಸಂ ಉಪ್ಪು ಹೆಸರಿಗೆ ಉಪ್ಪು, ಅದು ಮೆಗ್ನೀಸಿಯಂ, ಈ ಕೆಲಸಕ್ಕೆ ಬರುವುದಿಲ್ಲ.

ಹಂತ 7: ಬಿಳಿ ಚುಕ್ಕಿಗೆ ಉಪ್ಪು, ದಿನದಿನದ ಲೆಕ್ಕ

ಮೊದಲು ನೀರಿನ ಅಳತೆ. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ನನ್ನದು 60, 30, 30. ಅಂದರೆ 54 ಲೀಟರ್. ಮರಳು, ಕಲ್ಲಿಗೆ ಕಳೆದರೆ 48. ಡೋಸ್ ಲೀಟರಿಗೆ 2 ಗ್ರಾಂ, ಒಟ್ಟು 96 ಗ್ರಾಂ. ಚಮಚದ ಲೆಕ್ಕ ಬಿಡಿ. ಕಲ್ಲುಪ್ಪಿನ ಹರಳು ದೊಡ್ಡದು ಸಣ್ಣದು ಆದಂತೆ ಚಮಚದ ತೂಕ ಬದಲಾಗುತ್ತದೆ. ಅಡುಗೆ ಮನೆಯ ತಕ್ಕಡಿ ಸಾಕು.

ಆ 96 ಗ್ರಾಂ ಅನ್ನು ಮೂರು ಪಾಲು ಮಾಡಿ. ಮೊದಲ 32 ಗ್ರಾಂ ಅನ್ನು ಟ್ಯಾಂಕಿನದೇ ಒಂದು ಜಗ್ ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ನಿಧಾನವಾಗಿ ಸುರಿಯಿರಿ. ಹರಳು ನೇರ ಹಾಕಬೇಡಿ, ಮೀನು ಅದನ್ನು ಕಾಳು ಅಂತ ಬಾಯಿಗೆ ಹಾಕಿಕೊಳ್ಳುತ್ತದೆ, ತಳದ ಮೀನಿನ ಹೊಟ್ಟೆಗೆ ಸುಡುತ್ತದೆ. 12 ಗಂಟೆ ಬಿಟ್ಟು ಎರಡನೇ ಪಾಲು, ಮತ್ತೆ 12 ಗಂಟೆಗೆ ಮೂರನೆಯದು. ಟಿಡಿಎಸ್ ಮೀಟರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಲೀಟರಿಗೆ 1 ಗ್ರಾಂ ಉಪ್ಪಿಗೆ ಅದು ಸುಮಾರು 1000 ಏರುತ್ತದೆ.

ಜೊತೆಗೆ ಹೀಟರಿನಲ್ಲಿ ಕೆಲವು ಗಂಟೆಗೆ ಒಂದು ಡಿಗ್ರಿಯಂತೆ 29-30ಕ್ಕೆ ಏರಿಸಿ. ಬಿಸಿಯಿಂದ ಪರೋಪಜೀವಿಯ ಬದುಕಿನ ಚಕ್ರ ಬೇಗ ಉರುಳುತ್ತದೆ. ಮೀನಿನ ಮೈ ಮೇಲೆ ಕಾಣುವ ಚುಕ್ಕಿಯೊಳಗೆ ಅದು ಭದ್ರ, ಉಪ್ಪು ಅಲ್ಲಿಗೆ ತಾಗುವುದಿಲ್ಲ. ಅದು ಉದುರಿ, ತಳದಲ್ಲಿ ಒಡೆದು ನೂರಾರು ಮರಿಯಾಗಿ ಈಜಲು ಹೊರಟಾಗ ಮಾತ್ರ ಉಪ್ಪಿಗೆ ಸಿಗುತ್ತದೆ. ಹಾಗಾಗಿ ಎರಡನೇ ದಿನ ಚುಕ್ಕಿ ಜಾಸ್ತಿ ಕಂಡರೂ ಗಾಬರಿಯಾಗಬೇಡಿ, ಔಷಧಿ ಮೇಲೆ ಔಷಧಿ ಹಾಕಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಏರ್ ಪಂಪ್ ಜೋರು ಮಾಡಿ. ಕೊನೆಯ ಚುಕ್ಕಿ ಹೋದ ಮೇಲೂ ಒಂದು ವಾರ ಮುಂದುವರಿಸಿ, ಸಾಮಾನ್ಯವಾಗಿ ಒಟ್ಟು 10ರಿಂದ 14 ದಿನ.

ಈ ದಿನಗಳಲ್ಲಿ 12 ಲೀಟರ್ ನೀರು ಬದಲಿಸಿದರೆ ಹೊಸ ನೀರಿಗೆ 24 ಗ್ರಾಂ ಉಪ್ಪು ಸೇರಿಸಿ. ಆವಿಯಾಗಿ ಇಳಿದ ನೀರನ್ನು ತುಂಬುವಾಗ ಮಾತ್ರ ಉಪ್ಪು ಬೇಡ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ.

ಕೋರಿಡೋರಾಸ್, ಲೋಚ್, ಸೀಗಡಿ, ಬಸವನಹುಳು ಇದ್ದರೆ ಅದೇ ಟ್ಯಾಂಕಿಗೆ 2 ಗ್ರಾಂ ಡೋಸ್ ಹಾಕಬೇಡಿ. ಸೀಗಡಿ, ಹುಳು, ಗಿಡಗಳನ್ನು ಮೀನಿಲ್ಲದ ಬೇರೆ ತೊಟ್ಟಿಗೆ ಹಾಕಿ ಎರಡು ವಾರ ಬಿಡಿ. ಕೋರಿ, ಲೋಚ್‌ಗಳಿಗೂ ರೋಗ ತಗುಲಿರಬಹುದು, ಅವನ್ನು ಪ್ರತ್ಯೇಕ ಟಬ್‌ನಲ್ಲಿ ಬಿಸಿ ಮತ್ತು ಲೀಟರಿಗೆ 1 ಗ್ರಾಂ ಒಳಗೇ ನೋಡಿಕೊಳ್ಳಿ. ಮೀನು ಓರೆಯಾಗಿ ವಾಲಿದರೆ, ದಿಕ್ಕು ತಪ್ಪಿ ನುಗ್ಗಿದರೆ ಕೂಡಲೇ ಕಾಲು ಭಾಗ ಸಾದಾ ನೀರು ಬದಲಿಸಿ. ಫಿಲ್ಟರಿನಲ್ಲಿ ಜಿಯೋಲೈಟ್ ಇದ್ದರೆ ಉಪ್ಪು ಹಾಕುವ ಮೊದಲೇ ತೆಗೆಯಿರಿ. ಉಪ್ಪು ತಾಗಿದರೆ ಅದು ಹಿಡಿದಿಟ್ಟ ಅಮೋನಿಯಾವನ್ನು ವಾಪಸ್ ನೀರಿಗೆ ಬಿಡುತ್ತದೆ.

ಹಂತ 8: ಉಪ್ಪನ್ನು ಹೊರಗೆ ತೆಗೆಯುವುದು

ಫಿಲ್ಟರಿಗೆ ಹಾಕುವ ಕಾರ್ಬನ್ (ಇದ್ದಿಲು), ಉಪ್ಪನ್ನು ಹಿಡಿಯುವುದಿಲ್ಲ. ನೀರು ಬದಲಿಸುವುದೊಂದೇ ದಾರಿ. ದಿನ ಬಿಟ್ಟು ದಿನ 25 ಪರ್ಸೆಂಟ್ ತೆಗೆದರೆ ನಾಲ್ಕು ಸಲಕ್ಕೆ ಮೂರನೇ ಒಂದು ಭಾಗ ಉಪ್ಪು ಉಳಿಯುತ್ತದೆ, ಎಂಟು ಸಲಕ್ಕೆ ಹತ್ತನೇ ಒಂದು ಭಾಗ. ಹಾಕುವ ನೀರು ಮೊದಲಿನ ಜಿಎಚ್‌ದೇ ಇರಲಿ. ಬೇಗ ತೆಗೆಯುವ ಆತುರದಲ್ಲಿ ಬರೀ ಆರ್‌ಓ ನೀರು ಸುರಿದರೆ ಉಪ್ಪಿನ ಜೊತೆ ಗಡಸುತನವೂ ಕುಸಿಯುತ್ತದೆ.

ನಿಜವಾಗಿ ಸದಾ ಉಪ್ಪು ಬೇಕಾದ ಮೀನುಗಳೂ ಇವೆ, ಫಿಗರ್ ಎಯ್ಟ್ ಪಫರ್, ಹಸಿರು ಚುಕ್ಕೆ ಪಫರ್, ಮೋನೋ, ಸ್ಕ್ಯಾಟ್. ಇವು ಅಳಿವೆ ನೀರಿನವು. ಇವಕ್ಕೆ ಕಲ್ಲುಪ್ಪು ಸಾಲದು, ಸಮುದ್ರ ಟ್ಯಾಂಕಿಗೆ ಮಾರುವ ಮರೈನ್ ಸಾಲ್ಟ್ ಮತ್ತು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇಕು. ನಮ್ಮ ಘಟ್ಟದ ಹೊಳೆಗಳ ಬಟಾಣಿ ಗಾತ್ರದ ಪಫರ್ ಮಾತ್ರ ಪೂರ್ತಿ ಸಿಹಿನೀರಿನದು, ಅದಕ್ಕೆ ಉಪ್ಪು ಹಾಕಬೇಡಿ.

ಹಂತ 9: ಹೊಸ ಮೀನು ಮನೆಗೆ ತಂದಾಗ

ಕವರಿನ ನೀರಿಗೂ ನಿಮ್ಮ ಟ್ಯಾಂಕಿಗೂ ಟಿಡಿಎಸ್ ಮೀಟರ್ ಅದ್ದಿ ನೋಡಿ. ಅಂತರ 200ರ ಒಳಗಿದ್ದರೆ ಕವರನ್ನು ಇಪ್ಪತ್ತು ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪ ನೀರು ಬೆರೆಸಿ ಬಿಡಬಹುದು. ಜಾಸ್ತಿ ಇದ್ದರೆ ಮೀನನ್ನು ಕವರಿನ ನೀರಿನ ಜೊತೆ ಬಕೆಟ್ಟಿಗೆ ಹಾಕಿ, ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ ಟ್ಯಾಂಕಿನಿಂದ ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಬಿಡಿ. ಒಂದು ಒಂದೂವರೆ ಗಂಟೆಯಲ್ಲಿ ಬಕೆಟ್ಟಿನ ನೀರು ಎರಡು ಮೂರು ಪಟ್ಟಾಗುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ, ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಗಡಸಿನಿಂದ ಮೆದು ನೀರಿಗೆ ಹೋಗುವ ಮೀನಿಗೆ ಜಾಸ್ತಿ ಹೊತ್ತು ಕೊಡಿ, ಆ ದಿಕ್ಕಿನ ಬದಲಾವಣೆ ಅದಕ್ಕೆ ಹೆಚ್ಚು ಕಷ್ಟ.

ಹಂತ 10: ಟ್ಯಾಂಕರ್ ಬಂದ ದಿನ

ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ನೀರಿನ ಸಂಪ್‌ಗೆ ಒಂದು ವಾರ ಕಾವೇರಿ, ಒಂದು ವಾರ ಬೋರ್, ಇನ್ನೊಂದು ವಾರ ಟ್ಯಾಂಕರ್. ನಲ್ಲಿ ಒಂದೇ, ನೀರು ಮೂರು. ಎರಡು ವರ್ಷ ಒಂದೇ ನೀರಿನಲ್ಲಿ ಚೆನ್ನಾಗಿದ್ದ ಟೆಟ್ರಾಗಳು ಏಪ್ರಿಲ್‌ನಲ್ಲಿ ಸುಮ್ನೆ ಸತ್ತವು ಅನ್ನುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ನಮ್ಮ ಮನೆಯಲ್ಲಿ 50 ಲೀಟರಿನ ಒಂದು ಡ್ರಮ್ ಇದೆ. ನೀರು ಬದಲಿಸುವ ಹಿಂದಿನ ದಿನ ಅದನ್ನು ತುಂಬಿ, ಏರ್ ಕಲ್ಲು ಹಾಕಿ, ಕ್ಲೋರಿನ್ ಇರುವ ನೀರಾದರೆ ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ಹನಿ ಬಿಡುತ್ತೇನೆ. ಬೆಳಗ್ಗೆ ಟಿಡಿಎಸ್ ನೋಡುತ್ತೇನೆ. ಟ್ಯಾಂಕಿನ ನಂಬರಿಗೂ ಅದಕ್ಕೂ 100ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಜಿಎಚ್ ಹನಿ ಎಣಿಸುತ್ತೇನೆ, ಬೇಕಾದಷ್ಟು ಆರ್‌ಓ ನೀರು ಬೆರೆಸುತ್ತೇನೆ, ಅಥವಾ ಆ ವಾರ 25ರ ಬದಲು 10 ಪರ್ಸೆಂಟ್ ಮಾತ್ರ ಬದಲಿಸುತ್ತೇನೆ. ಡ್ರಮ್ಮಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ, ಅದರಲ್ಲಿ ತಾರೀಖು, ಜಿಎಚ್, ಕೆಎಚ್, ಟಿಡಿಎಸ್, ಉಪ್ಪು ಹಾಕಿದ್ದರೆ ಎಷ್ಟು ಗ್ರಾಂ ಅಂತ ಐದು ಕಾಲಂ. ಈಗ ಅದೇ ಟ್ಯಾಂಕಿನಲ್ಲಿ ಎಂಟು ಕೋರಿಡೋರಾಸ್ ಇವೆ, ಉಪ್ಪಿನ ಕಾಲಂ ಹದಿನಾಲ್ಕು ತಿಂಗಳಿಂದ ಖಾಲಿ ಇದೆ.